ಗೂಡಿಲ್ಲದ ಗುರುತು

ಗೂಡೇ ಇಲ್ಲದ ಜಾಗದಲ್ಲಿ ಒಬ್ಬ ಮನುಷ್ಯ ದಿನಾ ನಲವತ್ತು ನಿಮಿಷ ಏನು ಮಾಡುತ್ತಾನೆ?

ನಿರ್ಮಲಾ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟು ಮತ್ತೊಮ್ಮೆ ನೋಡಿದಳು. ಆಮೆಗೂಡುಗಳ ಕಾವಲುಗಾರ ಫಕ್ಕೀರಪ್ಪನ ನಡಿಗೆಯನ್ನು ಅವನ ಕೈಯಲ್ಲಿದ್ದ ಜಿಪಿಎಸ್ ಯಂತ್ರ ಗೆರೆ ಎಳೆದು ಕೊಟ್ಟಿತ್ತು. ಬೆಳಿಗ್ಗೆ ಆರಕ್ಕೆ ಗಳಗನಾಥದ ಗುಡಿಯ ಹಿಂದಿನಿಂದ ಶುರು. ಹೊಳೆಯ ಮರಳಗುಂಟ ಸಾಗಿ, ಆಮೆ ಮೊಟ್ಟೆಯಿಟ್ಟ ಒಂದೊಂದು ಗೂಡಿನ ಬಳಿಯೂ ಎರಡೆರಡು ನಿಮಿಷ. ಕೊನೆಗೆ ಆ ಜಾಗ. ಅಲ್ಲಿ ಗೆರೆ ಗಂಟು ಬಿದ್ದಿತ್ತು. ಗೂಡುಗಳಿಗೆಲ್ಲ ಅಂಕಿ ಕೊಟ್ಟವನು ಈ ಗುರುತಿಗೆ ಮಾತ್ರ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಒತ್ತಿ ಹೆಸರು ಬರೆದಿದ್ದ. ಮೈಲವ್ವ.

ಯಾರೀಕೆ? ಈ ಹಂಗಾಮಿನಲ್ಲಿ ಆಗಲೇ ನಾಲ್ಕು ಗೂಡು ಬರಿದಾಗಿದ್ದವು. ಮೊಟ್ಟೆ ಕದ್ದವರಿಗೆ ಕೊಳ್ಳುವವರೂ ಬೇಕಲ್ಲ!

ನಿರ್ಮಲಾ ಬ್ಯಾಡಗಿಯವಳು. ಹೊನ್ನಾವರದ ಕಡಲದಂಡೆಯಲ್ಲಿ ಎರಡು ವರ್ಷ ಕಡಲಾಮೆಗಳ ಗೂಡು ಎಣಿಸಿ, ಅದೇ ಯಂತ್ರ, ಅದೇ ನಮೂನೆಗಳನ್ನು ತುಂಗಭದ್ರೆಯ ಆಮೆಗಳಿಗಾಗಿ ಹೊತ್ತು ತಂದಿದ್ದಳು. ಮನುಷ್ಯರು ಸುಳ್ಳು ಹೇಳಿಯಾರು, ಯಂತ್ರ ಹೇಳದು ಎಂದು ಗಟ್ಟಿಯಾಗಿ ನಂಬಿದ್ದಳು. ಪಾಪ, ಇನ್ನೂ ಚಿಕ್ಕ ವಯಸ್ಸು.

ಯಂತ್ರ ಇನ್ನೊಂದು ಸಂಗತಿಯನ್ನೂ ಹೇಳಿತು. ಗುರುತು ಹಾಕಿದ್ದು ಜನವರಿ ಹದಿನೇಳರಂದು. ಹಾಜರಿ ಪುಸ್ತಕ ತೆಗೆದರೆ, ಆ ವಾರವಿಡೀ ಫಕ್ಕೀರಪ್ಪ ರಜೆ. ಮನೆಯಲ್ಲಿ ತ್ರಾಸು ಎಂದು ಹೋದವನು ರಜೆಯಲ್ಲಿ ಯಂತ್ರ ಹಿಡಿದು ಹೊಳೆಗೆ ಬಂದಿದ್ದಾನೆ! ನಿರ್ಮಲಾಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಬೆಳಿಗ್ಗೆ ಅವಳು ಹೇಳದೆ ಕೇಳದೆ ಹೋಗಿ ನಿಂತಳು. ಫಕ್ಕೀರಪ್ಪ ಚಪ್ಪಲಿಯನ್ನು ದೂರ ಬಿಟ್ಟು ಕುಳಿತಿದ್ದ. ಅಂಗೈಯಿಂದ ಮರಳು ಸವರುತ್ತಿದ್ದ. ಗೂಡುಗಳ ಮೇಲೆ ಹಾಕುವಂತೆ ಅಲ್ಲೂ ಜಾಲಿಮುಳ್ಳು ಹಾಸಿತ್ತು.

"ಫಕ್ಕೀರಪ್ಪ, ಇಲ್ಲಿ ಗೂಡು ಐತೇನು?"

ಅವನು ದಡಬಡಿಸಿ ಎದ್ದ. "ಇಲ್ಲರಿ ಅಕ್ಕಾರ."

"ಮತ್ತ ಮುಳ್ಳು ಯಾಕ ಹಾಕೀರಿ?"

"ನಾಯಿ ಕಾಟರಿ."

"ಮೈಲವ್ವ ಅಂದ್ರ ಯಾರು?"

ಅವನ ಮುಖ ಕಪ್ಪಿಟ್ಟಿತು. ಮರಳಿನ ಕಡೆ ನೋಡುತ್ತ ಹೇಳಿದ, "ನಮ್ಮಾಕಿರಿ."

"ಅಕಿ ಇಲ್ಲಿಗೆ ಬರತಾಳೇನು?"

"ಅಕಿ ಎಲ್ಲಿ ಬರತಾಳರಿ. ನಾನ ಬರತೇನಿ."

ಗಂಡ ಕದಿಯುತ್ತಾನೆ, ಹೆಂಡತಿ ಮಾರುತ್ತಾಳೆ. ಲೆಕ್ಕ ಸರಿಹೋಯಿತು. ನಿರ್ಮಲಾ ಮುಳ್ಳು ಸರಿಸಿ ಮರಳಿಗೆ ಕೈಹಾಕಿದಳು. ಎಂದೂ ತಲೆಯೆತ್ತಿ ಮಾತಾಡದ ಮನುಷ್ಯ ಅವಳ ಮುಂಗೈ ಹಿಡಿದುಬಿಟ್ಟ.

"ಅಗೀಬ್ಯಾಡ್ರಿ ಅಕ್ಕಾರ. ನಿಮ್ಮ ಕಾಲಿಗೆ ಬೀಳತೇನಿ."

ಅವಳು ಬೆದರಿ ಹಿಂದೆ ಸರಿದಳು. ನಾಲ್ಕು ಜನರನ್ನು ಕರೆಸಿ ಅಗೆಸಬಹುದಿತ್ತು. ಆದರೆ ವರದಿಯ ಗಡುವು ಹತ್ತಿರ ಬಂದಿತ್ತು, ಊರವರ ಮುಂದೆ ರಗಳೆ ಬೇಡವೆನಿಸಿತು. ಯಂತ್ರ ಕಸಿದುಕೊಂಡು, ನಾಳೆಯಿಂದ ಬರಬೇಡ ಎಂದಳು.

"ಕೆಲಸ ಹೋದ್ರ ಹೋಗ್ಲಿರಿ," ಎಂದ ಫಕ್ಕೀರಪ್ಪ. "ಆ ಒಂದ ಗುರುತು ಮಾತ್ರ ಮಷೀನನ್ಯಾಗ ಹಂಗ ಇರ್ಲಿ."

ಎಷ್ಟು ಸೊಕ್ಕು ಎಂದುಕೊಂಡಳು. ಸಂಜೆ ರಾಣೇಬೆನ್ನೂರಿನ ಕಚೇರಿಯಲ್ಲಿ ಕುಳಿತು ಮೊದಲು ಮಾಡಿದ ಕೆಲಸ ಅದನ್ನು ಅಳಿಸಿದ್ದು. ಅಳಿಸಲೇ ಎಂದು ಯಂತ್ರ ಒಂದು ಸಲ ಕೇಳಿತು. ಒತ್ತಿದಳು. ಕಂಪ್ಯೂಟರಿನಿಂದಲೂ ಆ ಸಾಲನ್ನು, ನಡಿಗೆಯ ಗೆರೆಗಳನ್ನು ತೆಗೆದಳು. ಕಳ್ಳನ ಗುರುತು ವರದಿಯಲ್ಲಿ ಯಾಕೆ? ಅರವತ್ತೆರಡು ಗೂಡುಗಳ ಶುದ್ಧ ಪಟ್ಟಿ ಮೇಲಕ್ಕೆ ಹೋಯಿತು. ಮೇಲಿನವರು ಮೆಚ್ಚಿದರು.

ಅವನು ಹೋದ ಮೇಲೂ ಗೂಡುಗಳು ಬರಿದಾದವು. ಏಪ್ರಿಲಿನಲ್ಲಿ ಮರಳು ಹೇರುವ ಟ್ರ್ಯಾಕ್ಟರಿನ ಇಬ್ಬರು ಬುಟ್ಟಿ ಸಮೇತ ಸಿಕ್ಕಿಬಿದ್ದರು. ಫಕ್ಕೀರಪ್ಪನ ಹೆಸರೂ ಅವರಿಗೆ ಗೊತ್ತಿರಲಿಲ್ಲ. ನಿರ್ಮಲಾಗೆ ಅಂದು ಊಟ ಸೇರಲಿಲ್ಲ. ಕರೆಸಿ ತಪ್ಪಾಯಿತು ಎನ್ನಬೇಕಿತ್ತು. ನಾಳೆ, ನಾಡಿದ್ದು ಎಂದು ದಿನ ನೂಕಿದಳು. ಅಷ್ಟರಲ್ಲಿ ಮಳೆಗಾಲ ಬಂತು. ತುಂಗಭದ್ರೆಯೂ ಅದನ್ನು ಅಲ್ಲೇ ಕೂಡುವ ವರದೆಯೂ ಒಟ್ಟಿಗೆ ಏರಿ, ದಂಡೆಯ ಮರಳನ್ನೆಲ್ಲ ಬಳಿದುಕೊಂಡು ಹೋದವು.

ದಸರೆ ಮುಗಿದ ಮೇಲೆ ಫಕ್ಕೀರಪ್ಪ ತಾನಾಗಿಯೇ ಕಚೇರಿಗೆ ಬಂದ. ಬಾಗಿಲಲ್ಲಿ ತಲೆತುಂಬ ಸೆರಗು ಹೊದ್ದ ಹೆಂಗಸೊಬ್ಬಳು ನಿಂತಿದ್ದಳು.

"ಬರ್ರಿ, ಕುಂದ್ರಿ," ಎಂದು ನಿರ್ಮಲಾ ಎದ್ದೇ ನಿಂತಳು. ಅಷ್ಟು ದಿನದ ಭಾರ ಇಳಿಯುವ ಹೊತ್ತು ಬಂತೆನಿಸಿತು. "ತಪ್ಪು ನಂದ ಫಕ್ಕೀರಪ್ಪ. ನಾಳಿಂದ ಕೆಲಸಕ್ಕ ಬರ್ರಿ."

"ಕೆಲಸಕ್ಕ ಬಂದಿಲ್ಲರಿ. ಒಂದ ತಾಸು ಮಷೀನು ಕೊಡ್ರಿ. ಹೊಳಿ ಎಲ್ಲಾ ಒರಸಿಕೊಂಡು ಹೋಗೇತಿ. ಜಾಗ ಗೊತ್ತಾಗವಲ್ದು." ಅವನು ಬಾಗಿಲ ಕಡೆ ತಿರುಗಿದ. "ನಮ್ಮ ಮನ್ಯಾಕಿರಿ, ಪ್ರೇಮವ್ವ. ಒಂದ ಸಲ ನೋಡತೇನಿ ಅಂತ ಹಟ ಹಿಡದಾಳ."

ಪ್ರೇಮವ್ವ! ನಿರ್ಮಲಾ ಮೇಜಿನ ಮೇಲಿದ್ದ ಯಂತ್ರವನ್ನು ಸುಮ್ಮನೆ ಎತ್ತಿಕೊಂಡಳು.

"ಹಂಗಾದ್ರ ಮೈಲವ್ವ..."

ಪ್ರೇಮವ್ವ ಸೆರಗು ಸರಿಸಿ ಎರಡು ಹೆಜ್ಜೆ ಒಳಗೆ ಬಂದಳು. "ಹನ್ನೊಂದು ದಿನದ ಕೂಸಿತ್ತರಿ. ಹೆಸರಿಡೂಕಿಂತ ಮೊದಲ ಹೋದ ಕೂಸಿಗೆ ನಮ್ಮಾಗ ಕಲ್ಲು ನಿಲ್ಲಸೂದಿಲ್ಲ, ಹೂಳಿದ ಜಾಗ ತಾಯಿಗೆ ಹೇಳೂದಿಲ್ಲ. ಇವರು ಅಕಿಗಿಟ್ಟ ಹೆಸರು ನಿಮ್ಮ ಮಷೀನನ್ಯಾಗಷ್ಟ ಐತಂತ, ತಗದು ತೋರಸ್ರಿ ಅಕ್ಕಾರ."