ಚುಕ್ಕಿಗಳ ಒಗ್ಗಟ್ಟು

ಮ್ಯಾನೇಜರ್ ದೊಡ್ಡ ಪರದೆಯ ಮೇಲಿನ ಬೆರಳ ಗುರುತುಗಳನ್ನು ಕರವಸ್ತ್ರದಿಂದ ಸದ್ದಿಲ್ಲದೆ ಒರೆಸಿದ. ಬಂಡವಾಳ ಹಾಕಲು ಬಂದವರು ಇವತ್ತು ಒಪ್ಪದಿದ್ದರೆ ಈ ಮಸಾಲೆಪುಡಿ ಕಂಪನಿಗೆ ಬೀಗವೇ ಗತಿ.

"ಈ ಮ್ಯಾಪ್ ನೋಡಿ ಸರ್. ಒಂದೊಂದು ಚುಕ್ಕಿಯೂ ನಮ್ಮ ಒಬ್ಬೊಬ್ಬ ಸೇಲ್ಸ್‌ಮನ್. ಅವರ ಫೋನ್ ಹೋದಲ್ಲಿ ಚುಕ್ಕಿ ಹೋಗುತ್ತೆ. ಮೈಗಳ್ಳತನಕ್ಕೆ ಜಾಗವೇ ಇಲ್ಲ!"

"ಎಲ್ಲರೂ ಒಂದೇ ರಸ್ತೆಯಲ್ಲಿ ಗುಂಪಾಗಿ ಹೊರಟಿದ್ದಾರಲ್ಲ ಮಾರಾಯರೆ?" ಎಂದರು ಬಂದವರಲ್ಲಿ ಹಿರಿಯರು.

"ನಮ್ಮಲ್ಲಿ ಒಗ್ಗಟ್ಟು ಜಾಸ್ತಿ ಸರ್."

"ಈಗ ಇಲ್ಲಿಗೇ ಬಂದುಬಿಟ್ಟರು!"

"ಶಿಸ್ತು ಸರ್," ಎಂದು ಮ್ಯಾನೇಜರ್ ಪರದೆಗೆ ಅಡ್ಡ ನಿಂತ.

ಬಾಗಿಲು ತಳ್ಳಿಕೊಂಡು ಒಳಬಂದವನು ಒಬ್ಬ ಆಟೋದವನು. ಅವನ ಕೈಚೀಲದ ತುಂಬ ಫೋನುಗಳು.

"ನಿಮ್ಮ ಹುಡುಗರು ಮನೇಲಿ ಮಲಗಿದ್ದಾರೆ ಸಾರ್, ದಿನಾ ಇವನ್ನ ಸುತ್ತಾಡಿಸೋದು ನಾನೇ. ಬ್ಯಾಟರಿ ಮುಗೀತಾ ಬಂತು, ಒಂದು ಚಾರ್ಜರ್ ಕೊಡ್ತೀರಾ?"