ಜಿಗ್ಗಿನ ಹೊಟ್ಟೆಯೊಳಗೆ

ಎರಕದ ಬ್ರಾಕೆಟ್ ಒಂದಕ್ಕೆ ಇನ್ನೂರಿಪ್ಪತ್ತು ರೂಪಾಯಿ. ಅದು ಕೆಟ್ಟು ಗುಜರಿಗೆ ಬಿದ್ದರೆ ಎಪ್ಪತ್ತು. ನಡುವಿನ ಲುಕ್ಸಾನು, ಕರೆಂಟು, ಕೂಲಿ, ಮಾನ, ಎಲ್ಲ ರಾಜೇಶ್ವರಿಯ ತಲೆಯ ಮೇಲೆ.

ಅವಳು ಒಂದೊಂದೇ ಬ್ರಾಕೆಟ್ ಎತ್ತಿ ಗುಜರಿಯ ರಾಶಿಗೆ ಎಸೆಯುತ್ತಿದ್ದಳು. ನಿಪ್ಪಾಣಿಯ ಆ ವರ್ಕ್‌ಶಾಪಿನ ತಗಡಿನ ಗೋಡೆ ಪ್ರತಿ ಏಟಿಗೂ ನಡುಗುತ್ತಿತ್ತು.

"ಸಾಕ್ ಬಿಡ್ರಿ ಬಾಯಾರ, ಎಸದ್ರ ತೂತು ನೆಟ್ಟಗ ಆಗ್ತಾವೇನು?" ಎಂದ ವಿರುಪಾಕ್ಷಪ್ಪ. ಅವನು ಅಥಣಿಯಲ್ಲಿ ಮೇವು ಕತ್ತರಿಸುವ ಯಂತ್ರ ತಯಾರಿಸುವವನು. ಅವಳ ಶಾಪಿನ ಮುಕ್ಕಾಲು ಕೆಲಸ ಅವನದೇ. "ಬೋಲ್ಟ್ ಒಳಗ ಹೋಗವಲ್ದು. ಇನ್ನೊಮ್ಮೆ ಹಿಂಗಾತಂದ್ರ ನಾ ಬ್ಯಾರೆ ಕಡೆ ನೋಡ್ತೀನಿ. ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ."

"ನಿಮ್ಮ ಮ್ಯಾಲೆ ಯಾಕ ಸಿಟ್ಟಾಗ್ಲಿ? ಸಿಟ್ಟಾಗಾಕ ಬ್ಯಾರೆಯವ ಅದಾನ."

ಗಂಡ ಹಾಲೇಶ ತೀರಿದ ಮೇಲೆ ಶಾಪು ನಡೆಸಿದವಳು ಅವಳು. ಓದಿನಿಂದ ಕಲಿತದ್ದಲ್ಲ, ಕೈ ಸುಟ್ಟುಕೊಂಡು ಕಲಿತದ್ದು. ತೂತುಗಳೆಲ್ಲ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ವಾಲಿದ್ದವು. ಕೈತಪ್ಪಾದರೆ ಒಂದು ಅತ್ತ ಹೋದರೆ ಒಂದು ಇತ್ತ ಹೋಗುತ್ತದೆ. ಇದು ಜಿಗ್ಗಿನ ತಪ್ಪು. ತುಂಡನ್ನು ಹಿಡಿದು ಕೂರಿಸಿ ಡ್ರಿಲ್ಲಿಗೆ ದಾರಿ ತೋರಿಸುವ ಉಕ್ಕಿನ ಪೆಟ್ಟಿಗೆ ಅದು. ಅದು ಸರಿಯಿದ್ದರೆ ಸಾವಿರ ತುಂಡೂ ಸರಿ. ತಪ್ಪಿದರೆ ಸಾವಿರವೂ ತಪ್ಪು.

ಆ ಜಿಗ್ ಮಾಡಿದವನು ದಶರಥ, ಅವಳ ಶಾಪಿನ ಹಿರಿಯ ಮಿಸ್ತ್ರಿ. ಮುಂಗೋಪಿ, ಆದರೆ ಕೈ ಚಿನ್ನ. ದಸರೆಯವರೆಗೆ ಒಂದು ತುಂಡೂ ವಾಪಸು ಬಂದಿರಲಿಲ್ಲ. ದಸರೆಗೆ ಬನ್ನಿ ಕೊಡುವ ನೆವದಲ್ಲಿ ಸದಲಗಾದ ಸಂಗ್ರಾಮ ಬಂದ. ಅವನದೂ ಇಂಥದೇ ವರ್ಕ್‌ಶಾಪು. ದಶರಥನನ್ನು ಬದಿಗೆ ಕರೆದು ಬಹಳ ಹೊತ್ತು ಮಾತಾಡಿ ಹೋದ. ಅಲ್ಲಿಂದ ಶುರು.

ಕೊನೆಯ ಬ್ರಾಕೆಟ್ಟಿನ ಅಡಿಯಲ್ಲಿ ಕೆಂಪುಹಳದಿ ಕಲೆ ಇತ್ತು. ತುಕ್ಕು ಎಂದುಕೊಂಡು ಅದನ್ನೂ ಎಸೆದಳು.

ಮರುದಿನ ಅವಳು ಹೊತ್ತಿಗೆ ಮುಂಚೆಯೇ ಶಾಪಿಗೆ ಹೋದಳು. ದಶರಥ ಅವಳಿಗಿಂತ ಮುಂಚೆ ಬಂದಿದ್ದ. ಜಿಗ್ಗಿನ ಮುಚ್ಚಳ ತೆರೆದು, ಬ್ಲೇಡು ಹಿಡಿದು, ಒಳಗೆ ಬಗ್ಗಿ ಏನನ್ನೋ ಕೆರೆಯುತ್ತಿದ್ದ.

"ಏನ್ ಕೆರಿಯಾಕತ್ತೀದಿ?"

"ಹೊಲಸ."

"ಹೊಲಸ ಒರಸಾಕ ಅರಿವಿ ಸಾಕು. ಬ್ಲೇಡ್ ಯಾಕ?"

"ಅರಿವಿಗೆ ಬಿಡವಲ್ದು, ಅದಕ್ಕ." ದಶರಥ ತಲೆಯೆತ್ತಲಿಲ್ಲ. "ಇದರ ಹೊಟ್ಯಾಗ ಯಾರೂ ಕೈ ಹಾಕಬ್ಯಾಡ್ರಿ ಅಂತ ನೂರ ಸಲ ಹೇಳೇನಿ. ಕೇಳೋರು ಯಾರು?"

"ಹೌದಪಾ, ನನ್ನ ಶಾಪಿನ್ಯಾಗ ನಾ ಕೈ ಹಾಕಬಾರದು. ಸಂಗ್ರಾಮನ ರೊಕ್ಕ ತಿಂದಾವ ಬ್ಲೇಡ್ ಹಾಕಬಹುದು!"

ಬ್ಲೇಡು ನೆಲಕ್ಕೆ ಬಿತ್ತು. ದಶರಥನ ಕತ್ತಿನ ನರ ಉಬ್ಬಿತು.

"ರೊಕ್ಕ? ಅವ ಕರದಾನ, ಖರೆ. ನಾ ಬರಂಗಿಲ್ಲ ಅಂದೇನಿ."

"ಹಂಗಾದ್ರ ಏನ್ ಕೆರದಿ, ಬಾಯಿ ಬಿಟ್ಟ ಹೇಳು."

ಅವನು ಜಿಗ್ಗಿನ ಮುಚ್ಚಳ ಹಾಕಿದ. "ಹೇಳಿದ್ರ ನಿಮಗ ಇನ್ನೂ ಸಿಟ್ಟ ಬರ್ತೈತಿ. ಕಳ್ಳ ಅಂದ ಮ್ಯಾಲೆ ಹೇಳೂದರ ಏನೈತಿ?"

"ಒಯ್ಯಿ ನಿನ್ನ ಜಿಗ್! ಕೆಟ್ಟ ಸಾಮಾನು ನನ್ನ ಹೊಸ್ತಿಲದೊಳಗ ಬ್ಯಾಡ."

ದಶರಥ ಜಿಗ್ಗನ್ನು ಹೆಗಲಿಗೇರಿಸಿಕೊಂಡು ಹೊರಟ. ಹಿಂತಿರುಗಿ ನೋಡಲಿಲ್ಲ.

ಕೆಲವೇ ದಿನಗಳಲ್ಲಿ ವಿರುಪಾಕ್ಷಪ್ಪನ ಫೋನು ಬಂತು. ಸದಲಗಾದ ಸಂಗ್ರಾಮನ ಶಾಪಿನಿಂದ ಬ್ರಾಕೆಟ್ ತರಿಸಿ ನೋಡಿದ್ದನಂತೆ. "ಬೋಲ್ಟ್ ಬೆಣ್ಣ್ಯಾಗ ಹೋದಂಗ ಹೋದ್ವರಿ. ಅದೇ ದಶರಥನ ಜಿಗ್ ಅಂತ."

ರಾಜೇಶ್ವರಿಯ ಮೈಯೆಲ್ಲ ಉರಿಯಿತು. ಇಲ್ಲಿ ಕೆಡಿಸಿದವನು ಅಲ್ಲಿ ಸರಿ ಮಾಡಿದ! ಇನ್ನೇನು ಸಾಕ್ಷಿ ಬೇಕು?

"ಒಂದ ಸಲ ತಡೀರಿ," ಎಂದಳು. "ಹೊಸಾ ಜಿಗ್ ತರಸ್ತೀನಿ. ಮೊದಲನೇ ತುಂಡು ನಿಮ್ಮ ಕಣ್ಣ ಮುಂದ ತೆಗೀತೀನಿ."

ಕೈಯ ಚಿನ್ನದ ಪಾಟಲಿ ಬಳೆ ಮಾರಿ ಕೊಲ್ಲಾಪುರದಲ್ಲಿ ಹೊಸ ಜಿಗ್ ಮಾಡಿಸಿದಳು. ಅಲ್ಲಿನವರು ಅವಳೆದುರೇ ಒಂದು ಬ್ರಾಕೆಟ್ಟಿಗೆ ತೂತು ಹಾಕಿ ತೋರಿಸಿದರು. ಬೋಲ್ಟು ಸರಾಗವಾಗಿ ಜಾರಿತು. ಅಮಾವಾಸ್ಯೆಯ ದಿನ ಜಿಗ್ ನಿಪ್ಪಾಣಿಗೆ ಬಂತು. ಅವಳೇ ಇಳಿಸಿಕೊಂಡಳು, ಅವಳೇ ಪೂಜೆ ಮಾಡಿ ಕಾಯಿ ಒಡೆದಳು, ಅವಳೇ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಂದು ನೊಣವೂ ಒಳಗೆ ಹೋಗಲಿಲ್ಲ.

ಮರುದಿನ ವಿರುಪಾಕ್ಷಪ್ಪ ಬಂದು ಸ್ಟೂಲಿನ ಮೇಲೆ ಕುಳಿತ. ರಾಜೇಶ್ವರಿ ತಾನೇ ಡ್ರಿಲ್ಲಿಗೆ ನಿಂತಳು. ಬೀಡುಕಬ್ಬಿಣದ ಪುಡಿ ಉದುರಿತು. ಬ್ರಾಕೆಟ್ ತೆಗೆದು ಅವನ ಕೈಗಿಟ್ಟಳು.

ಅವನು ಬೋಲ್ಟ್ ಹಾಕಿದ. ಅರ್ಧಕ್ಕೆ ಸಿಕ್ಕಿಕೊಂಡಿತು. ತಿರುಗಿಸಿದ, ಒತ್ತಿದ. ಹೋಗಲಿಲ್ಲ. ತೂತು ವಾಲಿತ್ತು. ಅದೇ ಕಡೆಗೆ.

"ಈಗ ದಶರಥ ಇಲ್ಲಲ್ರಿ, ಬಾಯಾರ," ಎಂದು ಅವನು ಬ್ರಾಕೆಟ್ಟನ್ನು ಮೇಜಿನ ಮೇಲಿಟ್ಟ. "ಇನ್ನ ನಾ ಸದಲಗಾಕ ಹೋಗ್ತೀನಿ."

ಅವನ ಗಾಡಿಯ ಸದ್ದು ಅಡಗಿದ ಮೇಲೆ ರಾಜೇಶ್ವರಿ ಬ್ರಾಕೆಟ್ಟನ್ನು ಎಸೆಯಲು ಎತ್ತಿದಳು. ಅಡಿಯಲ್ಲಿ ಕೆಂಪುಹಳದಿ ಕಲೆ. ಹೊಸ ಎರಕ, ತುಕ್ಕು ಹಿಡಿಯುವ ಮಾತೇ ಇಲ್ಲ. ಅವಳು ಬಗ್ಗಿ ಜಿಗ್ಗಿನ ಒಳಗೆ ನೋಡಿದಳು. ತುಂಡು ಕೂರುವ ಜಾಗದ ಒಂದು ಬದಿಗೆ ಭಂಡಾರದ ಅರಿಸಿನ, ಕುಂಕುಮ ಒಣಗಿ ಕಲ್ಲಾಗಿದ್ದವು; ತುಂಡಿನ ಆ ಬದಿಯನ್ನು ಎತ್ತಿ ಹಿಡಿದದ್ದು ಅವೇ. ಹೊರಗಿನ ಎಣ್ಣೆಗೆ ದೇವರ ಬೊಟ್ಟು ನಿಲ್ಲುವುದಿಲ್ಲವೆಂದು ನಿನ್ನೆ ಅವಳೇ ನೀರಲ್ಲಿ ಕಲಸಿ, ಒಳಗೆ ಕೈ ಹಾಕಿ ಒತ್ತಿ ಇಟ್ಟದ್ದು. ದಸರೆಯಲ್ಲಿ ಖಂಡೇನವಮಿಯ ಆಯುಧಪೂಜೆಯ ದಿನವೂ ಹಳೆಯ ಜಿಗ್ಗಿಗೆ ಅಲ್ಲಿಯೇ ಇಟ್ಟಿದ್ದಳು.

ದಶರಥ ಅಂದು ಕೆರೆಯುತ್ತಿದ್ದದ್ದು ಅವಳ ಬೊಟ್ಟನ್ನು. ಪಾಟಲಿ ಹೋಗಿತ್ತು, ಗಿರಾಕಿ ಹೋಗಿದ್ದ, ಆ ಮನುಷ್ಯನೂ ಹೋಗಿದ್ದ.