ಉಂಡಿಯೇನವ್ವಾ?

ವಂಶವಾಹಿಗಳ ಮಾತು ಕೇಳಿಸುವ ಯಂತ್ರ ಆಸ್ಪತ್ರೆಗೊಂದರಂತೆ ಬಂದಿದ್ದ ಕಾಲವದು. ಫಕೀರವ್ವನ ರಕ್ತದೊಳಗಿಂದ, ಎಷ್ಟೋ ತಲೆಮಾರುಗಳ ಹಿಂದೆ, ಹೆಣ ಹೂಳುವವರೂ ಉಳಿಯದ ಡೋಗಿ ಬರದಲ್ಲಿ ಹಸಿದು ಸತ್ತ ಮುತ್ತಜ್ಜಿ ದಿನವೂ ಒದರುತ್ತಿದ್ದಳು: "ಉಂಡಿಯೇನವ್ವಾ? ಇನ್ನಷ್ಟು ಉಣ್ಣು, ಮೈಯಾಗ ಕೂಡಿಟ್ಕೋ!" ಅವಳು ಸುಮ್ಮನಾಗದೆ ರಕ್ತದ ಸಕ್ಕರೆ ಇಳಿಯದು. ಇಳಿಯದಿದ್ದರೆ ಸೋಮವಾರ ಫಕೀರವ್ವನ ಕಾಲು ಕತ್ತರಿಸಿ ತೆಗೆಯುವುದೆಂದು ನಿಶ್ಚಯವಾಗಿತ್ತು.

"ಉಂಡೀನಿ ಅಂತ ನೂರು ಸಲ ಹೇಳೀನ್ರಿ ಡಾಕ್ಟರ್‌ಬಾಯಾರ. ಮುದುಕಿ ನಂಬವಲ್ಲಳು!"

ಡಾ. ಮಂದಾಕಿನಿ ನಕ್ಕರು. ಉಳಿದ ವೈದ್ಯರೆಲ್ಲ ಇಂಥ ದನಿಗಳ ಬಾಯಿ ಮುಚ್ಚಿಸಲು ಮದ್ದು ಹುಡುಕುತ್ತಿದ್ದಾಗ, ಬೊಜ್ಜು ಮತ್ತು ಸಕ್ಕರೆ ಕಾಯಿಲೆಯ ಸಾವಿರ ಮನೆತನಗಳ ರಕ್ತಕ್ಕೆ ಮೂವತ್ತು ವರ್ಷ ಕಿವಿಗೊಟ್ಟು ಕೂದಲು ನೆರೆಸಿಕೊಂಡ ಹೆಣ್ಣುಮಗಳು ಅವರು.

"ಉಂಡಿಯೇನು ಅಂದವ್ರಿಗೆ, ನೀ ಉಂಡಿಯೇನು ಅಂತ ತಿರುಗಿ ಕೇಳಬೇಕಲ್ಲೇನವ್ವಾ?" ಎನ್ನುತ್ತ ಯಂತ್ರದತ್ತ ಬಾಗಿದರು. "ನಮ್ಮ ಊಟ ಆತು ಆಯಿ. ನಿಂದು?"



"ಇಲ್ಲವ್ವಾ," ಎಂದಿತು ಮುತ್ತಜ್ಜಿಯ ದನಿ ಮೆಲ್ಲಗೆ. "ನನ್ನ ಪಾಲು ಕೂಸಿಗೆ ಕೊಟ್ಟೆ. ಕೂಸು ಉಳೀತೇನು?"

ಫಕೀರವ್ವ ಎದ್ದು ಕೂತು ಯಂತ್ರದ ಹತ್ತಿರ ಸರಿದಳು. "ಉಳೀತು ಆಯಿ. ಅದರ ಕುಡಿನ ನಾನು."

"ಹಂಗಾರ ಸಾಕು ಬಿಡವ್ವಾ."

ಯಂತ್ರದ ಮೇಲೆ ಸಕ್ಕರೆಯ ಅಂಕಿ ಒಂದೊಂದಾಗಿ ಇಳಿಯತೊಡಗಿತು.